ರಜೆಗೆಂದು ಬಂದ ಮಗು

ದೇವನಹಳ್ಳಿಯ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನ ಮುಂದೆ ಎರಡು ಮಕ್ಕಳು ನಿಂತಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ವಿದೇಶಕ್ಕೆ ದತ್ತು ಹೋಗುತ್ತಿರುವ ಮಗು. ಈ ಕೌಂಟರ್ ತಲುಪುವ ಹೊತ್ತಿಗೆ ಅದು ರಾಶಿ ಕಾಗದಪತ್ರ ದಾಟಿ ಬಂದಿರುತ್ತದೆ. ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿರಬೇಕು. ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ಕಾರಾ’, ನಿರಾಕ್ಷೇಪಣಾ ಪತ್ರ ಕೊಟ್ಟಿರಬೇಕು. ಕರೆದೊಯ್ಯುವ ದೇಶದ ಸರ್ಕಾರ ಒಪ್ಪಿರಬೇಕು. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ ದತ್ತು ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. ನಿಲ್ದಾಣವಿರುವ ಜಿಲ್ಲೆಯ ದತ್ತು ಕೇಂದ್ರದ ಮಗುವಾದರೆ ಆ ಸಹಿ ಬೀಳುವುದು ಚಪ್ಪರದಕಲ್ಲು ಬಳಿಯ ಜಿಲ್ಲಾಡಳಿತ ಭವನದಲ್ಲಿ, ಇದೇ ವಿಮಾನಗಳು ಹಾರಾಡುವ ಆಕಾಶದ ಕೆಳಗೆ. ಮಗು ಹೋದ ಮೇಲೂ ಎರಡು ವರ್ಷ ಅದರ ಆರೋಗ್ಯ ಹೇಗಿದೆ, ಮನೆಗೆ ಹೊಂದಿಕೊಂಡಿದೆಯೇ ಎಂಬ ವರದಿ ಭಾರತಕ್ಕೆ ಬರುತ್ತಿರಬೇಕು.

ಎರಡನೆಯದು ಅಪ್ಪನ ಕೈ ಹಿಡಿದು, ಅಥವಾ ಅಮ್ಮನ ಸೆರಗು ಹಿಡಿದು ನಿಂತ ಮಗು. ಇನ್ನೊಬ್ಬರಿಗೆ ಹೇಳದೆ ಕರೆದೊಯ್ಯುತ್ತಿದ್ದಾರೆ. ಇದಕ್ಕೆ ಬೇಕಾದ್ದು ಪಾಸ್‌ಪೋರ್ಟ್, ವೀಸಾ, ಟಿಕೆಟ್. ತಂದೆ ತಾಯಿ ಇಬ್ಬರ ಒಪ್ಪಿಗೆ ಕೇಳುವುದು ಪಾಸ್‌ಪೋರ್ಟ್ ಮಾಡಿಸುವಾಗ. ಒಮ್ಮೆ ಅದು ಕೈಗೆ ಬಂದ ಮೇಲೆ, ಇನ್ನೊಬ್ಬರ ಒಪ್ಪಿಗೆ ಪತ್ರವಿಲ್ಲದೆ ಮಗು ದೇಶ ಬಿಡಬಾರದು ಎನ್ನುವ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲೂ ಹೊರಹೋಗುವ ಬಾಗಿಲಲ್ಲಿ ಅಂಥ ತಪಾಸಣೆಯಿಲ್ಲ. ಹಾಗಾಗಿ ಮಗು ಅಲ್ಲಿಂದ ಇಲ್ಲಿಗೆ ಬರುವುದೂ ಇಲ್ಲಿಂದ ಅಲ್ಲಿಗೆ ಹೋಗುವುದೂ ಒಂದು ರಾತ್ರಿಯ ಕೆಲಸ.

ಯಾರೂ ಇಲ್ಲದ ಮಗುವನ್ನು ಗಡಿ ದಾಟಿಸುವಾಗ ಇಷ್ಟು ಎಚ್ಚರ ವಹಿಸುವ ದೇಶ, ಇಬ್ಬರೂ ಇರುವ ಮಗುವನ್ನು ಅವರಲ್ಲೊಬ್ಬರು ಗಡಿ ದಾಟಿಸಿದಾಗ ಸುಮ್ಮನಿದ್ದುಬಿಡುತ್ತದೆ. ಈ ಸುಮ್ಮನಿರುವಿಕೆಯ ಬೆಲೆ ತೆರುವುದು ಮಗುವೇ.

ಬೆಂಗಳೂರು ಗ್ರಾಮಾಂತರದ ಓದುಗರಿಗೆ ಇದು ದೂರದ ಮಾತಲ್ಲ. 2008ರ ಮೇ ತಿಂಗಳಲ್ಲಿ ಸುಮಾರು 4,000 ಎಕರೆಯ ಮೇಲೆ ವಿಮಾನ ನಿಲ್ದಾಣ ಶುರುವಾಯಿತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ದಾರಿಯಲ್ಲಿ ಎಲ್ಲಿಯೂ ಇಳಿಯದೆ ಏರ್ ಇಂಡಿಯಾ ವಿಮಾನ ಇಲ್ಲಿಗೆ ಬಂದಾಗ, ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು ಎಂದು ನಾವು ಹೆಮ್ಮೆಪಟ್ಟೆವು. 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಬಂದವು. ಈ ಹದಿನೇಳು ಹದಿನೆಂಟು ವರ್ಷಗಳಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಬೀದಿಗಳಿಗೂ ಸಾಗರದಾಚೆಯ ಊರುಗಳಿಗೂ ನಂಟು ಬೆಳೆಯಿತು. ಮಗಳ ಬಾಣಂತನಕ್ಕೆಂದು ಮೆಣಸಿನ ಸಾರಿನ ಪುಡಿ ಕಟ್ಟಿಕೊಂಡು ಹೋಗಿ ಆರು ತಿಂಗಳು ಇದ್ದು ಬಂದ ಅಜ್ಜಿಯರು ಈಗ ಹಳ್ಳಿಗಳಲ್ಲೂ ಸಿಗುತ್ತಾರೆ.

ಅಂಥ ಮನೆಯಲ್ಲಿ ಸಂಸಾರ ಒಡೆದಾಗ ನಡೆಯುವುದು ಹೆಚ್ಚುಕಡಿಮೆ ಹೀಗೆ. ಬೇಸಿಗೆ ರಜೆಗೆಂದು ತಾಯಿ ಮಗುವನ್ನು ಕರೆದುಕೊಂಡು ತವರಿಗೆ ಬರುತ್ತಾಳೆ. ವಾಪಸ್ ಹೋಗುವ ದಿನ ಬರುತ್ತದೆ, ಟಿಕೆಟ್ ಹಾಗೇ ಉಳಿಯುತ್ತದೆ. ಜೂನ್‌ನಲ್ಲಿ ಮಗು ಇಲ್ಲಿನ ಶಾಲೆಗೆ ಸೇರುತ್ತದೆ. ಇಲ್ಲವೇ ಅಪ್ಪನೇ ಕರೆದುಕೊಂಡು ಬಂದು ತನ್ನ ತಂದೆ ತಾಯಿಯ ಬಳಿ ಬಿಡುತ್ತಾನೆ. ಮೂರನೆಯ ಬಗೆಯೂ ಇದೆ, ಅದು ಎಲ್ಲಕ್ಕಿಂತ ಕ್ರೂರ: ಹೆಂಡತಿಯನ್ನು ಊರಿಗೆ ಕರೆತಂದು, ಅವಳ ಪಾಸ್‌ಪೋರ್ಟ್ ಕಸಿದುಕೊಂಡು, ಮಗುವಿನೊಡನೆ ಗಂಡ ಮಾತ್ರ ವಿಮಾನ ಹತ್ತುವುದು. ಇಂಥ ದೂರುಗಳು ಹೆಚ್ಚಿದ್ದರಿಂದಲೇ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಎನ್‌ಆರ್‌ಐ ಘಟಕ ತೆರೆಯಿತು.

ಮಗುವಿಲ್ಲದೆ ಉಳಿದ ಪೋಷಕರು ಮೊದಲು ಓಡುವುದು ಪೊಲೀಸ್ ಠಾಣೆಗೆ. ಅಲ್ಲಿ ಸಿಗುವ ಉತ್ತರ, “ಇದು ಕ್ರಿಮಿನಲ್ ಕೇಸಲ್ಲ, ಕೋರ್ಟಿಗೆ ಹೋಗಿ”. ಪೊಲೀಸರನ್ನು ಬೈದು ಫಲವಿಲ್ಲ. ಕಾನೂನುಬದ್ಧ ಪೋಷಕರ ವಶದಿಂದ ಮಗುವನ್ನು ಒಯ್ದರೆ ಅಪಹರಣ. ತಂದೆ ತಾಯಿ ಸ್ವತಃ ಸಹಜ ಪೋಷಕರು. ತನ್ನದೇ ಮಗುವನ್ನು ಕರೆದೊಯ್ದವರ ಮೇಲೆ, ನ್ಯಾಯಾಲಯದ ಆದೇಶವೊಂದನ್ನು ಮುರಿದ ಹೊರತು, ಆ ಕಲಂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಉಳಿದ ದಾರಿಗಳು ಎರಡು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಸುಪರ್ದಿಗೆ ಅರ್ಜಿ ಹಾಕುವುದು ಒಂದು. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹೂಡುವುದು ಇನ್ನೊಂದು. ಅಕ್ರಮವಾಗಿ ಬಂಧನದಲ್ಲಿಟ್ಟವರನ್ನು ಬಿಡಿಸಲು ಇರುವ ರಿಟ್, ಅಜ್ಜಿ ಮನೆಯಲ್ಲಿ ಊಟ ಮಾಡುತ್ತಿರುವ ಮಗುವಿಗಾಗಿ ಬಳಕೆಯಾಗುತ್ತದೆ. ಬೇರೆ ಸಾಧನವಿಲ್ಲದೆ ನ್ಯಾಯಾಲಯಗಳು ಇದನ್ನೇ ತಿದ್ದಿ ಬಗ್ಗಿಸಿ ಬಳಸಿಕೊಂಡು ಬಂದಿವೆ.

1890ರ ಕಾಯ್ದೆಯಲ್ಲಿ ಒಂದು ಮಾತಿದೆ: ಮಗು ‘ಸಾಮಾನ್ಯವಾಗಿ ವಾಸಿಸುವ’ ಜಾಗದ ನ್ಯಾಯಾಲಯದಲ್ಲೇ ಅರ್ಜಿ ಹಾಕಬೇಕು. ರೈಲು ಬಂಡಿಯ ಕಾಲದ ಈ ನಿಯಮದ ಮೇಲೆ ಇವತ್ತು ಖಂಡಾಂತರದ ವ್ಯಾಜ್ಯಗಳು ನಿಂತಿವೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಐದು ವರ್ಷ ಬೆಳೆದು, ಎಂಟು ತಿಂಗಳಿಂದ ದೊಡ್ಡಬಳ್ಳಾಪುರದ ಶಾಲೆಗೆ ಹೋಗುತ್ತಿರುವ ಮಗು ಸಾಮಾನ್ಯವಾಗಿ ವಾಸಿಸುವುದೆಲ್ಲಿ? ಇದು ಪ್ರಕರಣದಿಂದ ಪ್ರಕರಣಕ್ಕೆ ವಾಸ್ತವಾಂಶ ನೋಡಿ ನಿರ್ಧರಿಸಬೇಕಾದ ಪ್ರಶ್ನೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ವಾಸ್ತವಾಂಶ ಸಾಬೀತಾಗುವ ಹೊತ್ತಿಗೆ ಎಂಟು ತಿಂಗಳು ಹದಿನೆಂಟಾಗಿರುತ್ತದೆ.

ಈ ವಿಷಯದ ತೀರ್ಪುಗಳನ್ನು ಸಾಲಾಗಿ ಓದಿದರೆ ಎದ್ದು ಕಾಣುವುದು ಕಾನೂನಿನ ಸೂತ್ರಗಳಿಗಿಂತ ಕಾಲದ ಲೆಕ್ಕ. 1986ರ ಜನವರಿಯಲ್ಲಿ ಒಬ್ಬ ತಂದೆ ಅಮೆರಿಕದ ಮಿಷಿಗನ್ ರಾಜ್ಯದ ಶಾಲೆಯೊಂದರಿಂದ ಮಗನನ್ನು ನೇರವಾಗಿ ಕರೆದುಕೊಂಡು ಪುಣೆಗೆ ಬಂದುಬಿಟ್ಟ. ಅಮೆರಿಕದ ತಾಯಿ ಸುಪ್ರೀಂ ಕೋರ್ಟಿಗೇ ಬಂದಳು. ನವೆಂಬರಿನಲ್ಲಿ ತೀರ್ಪಾಯಿತು, ಹುಡುಗ ತಾಯಿಯ ಬಳಿಗೆ ಹೋದ. ಇನ್ನೊಂದು ಪ್ರಕರಣದಲ್ಲಿ ವರ್ಷ ತುಂಬುವ ಮುಂಚೆಯೇ ಅಮೆರಿಕದಿಂದ ತಾಯಿಯೊಂದಿಗೆ 1984ರಲ್ಲಿ ಬಂದ ಗಂಡುಮಗುವಿನ ಮೇಲಿನ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1997ರ ನವೆಂಬರಿನಲ್ಲಿ. ಆಗ ಅವನಿಗೆ ಹದಿನಾಲ್ಕು. ಅಷ್ಟು ವರ್ಷ ತಾಯಿಯ ಬಳಿ ಇಲ್ಲೇ ಬೆಳೆದವನನ್ನು ಕಳಿಸುವುದು ಸರಿಯಲ್ಲ ಎಂದಿತು ನ್ಯಾಯಾಲಯ. ಹದಿನಾಲ್ಕರ ಹುಡುಗನಿಗೆ ಇದಕ್ಕಿಂತ ಬೇರೆ ಯಾವ ತೀರ್ಪು ಕೊಡಲು ಸಾಧ್ಯವಿತ್ತು? ಅಲ್ಲಿ ತೀರ್ಪು ಬರೆದಿದ್ದು ಕಾಲ. ನ್ಯಾಯಾಲಯ ಅದನ್ನು ಓದಿ ಹೇಳಿತು. ತಾಯಿಯ ಪರವಾಗಿ ನ್ಯಾಯವಿದ್ದಿರಬಹುದು, ಇತ್ತು ಎಂದೇ ನನಗನಿಸುತ್ತದೆ. ಆ ನ್ಯಾಯ ಹುಡುಗನಿಗೆ ಎರಡು ವರ್ಷ ತುಂಬುವುದರೊಳಗೆ ಸಿಗಬೇಕಿತ್ತು.

2007ರ ಜೂನ್‌ನಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಮಗುವನ್ನು ಹುಡುಕಲು ಸಿಬಿಐಯೇ ಬೇಕಾಯಿತು. 2009ರ ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ಪತ್ತೆ. ಅಲ್ಲಿಯವರೆಗೆ ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ ತಿರುಗಿದ ಆ ಏಳು ವರ್ಷದ ಹುಡುಗ ಎಲ್ಲೂ ಬೇರೂರಿಲ್ಲವೆಂದು ಕಂಡುಕೊಂಡು ಸುಪ್ರೀಂ ಕೋರ್ಟ್ ಅವನನ್ನು ವಾಪಸ್ ಕಳಿಸಲು ಆದೇಶಿಸಿತು. ತಪ್ಪಿಸಿಕೊಂಡು ಓಡುವವರಿಗೆ ಗೆಲುವಿಲ್ಲ ಎಂದು ಇದನ್ನು ಓದಬಹುದು. ಒಂದೇ ಕಡೆ ಗಟ್ಟಿಯಾಗಿ ಕೂತು ವರ್ಷಗಳನ್ನು ದೂಡಿದರೆ ಗೆಲ್ಲಬಹುದು ಎಂದೂ ಓದಬಹುದು. ಎರಡನೆಯ ಓದು ವಕೀಲರ ಕಚೇರಿಗಳಲ್ಲಿ ಹೆಚ್ಚು ಚಾಲ್ತಿಯಲ್ಲಿದ್ದರೆ ಅಚ್ಚರಿಯಿಲ್ಲ.

ನಮ್ಮ ಬೆಂಗಳೂರಿನದೇ ಪ್ರಕರಣ 2022ರದ್ದು. ಅಮೆರಿಕದಲ್ಲಿ ಹುಟ್ಟಿ, ಅಲ್ಲಿಯ ಪೌರನಾದ ಹುಡುಗನನ್ನು ತಾಯಿ 2020ರ ಮಾರ್ಚ್‌ನಲ್ಲಿ, ಜಗತ್ತು ಬಾಗಿಲು ಹಾಕಿಕೊಳ್ಳುತ್ತಿದ್ದ ದಿನಗಳಲ್ಲಿ, ಬೆಂಗಳೂರಿಗೆ ಕರೆತಂದಳು. ತಂದೆ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯಕ್ಕೂ ಇಲ್ಲಿನ ಹೈಕೋರ್ಟಿಗೂ ಹೋದ. ಹೈಕೋರ್ಟಿನಲ್ಲಿ ಬೇಕಾದ ಪರಿಹಾರ ಸಿಗದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ. 2022ರ ಜುಲೈ 29ರಂದು ನ್ಯಾಯಮೂರ್ತಿಗಳಾದ ಎ.ಎಂ. ಖಾನ್‌ವಿಲ್ಕರ್ ಮತ್ತು ಸಿ.ಟಿ. ರವಿಕುಮಾರ್ ಅವರ ಪೀಠ ಮಗು ಅಮೆರಿಕಕ್ಕೆ ಹಿಂತಿರುಗಬೇಕೆಂದು ಆದೇಶಿಸಿತು. ಆಗ ಅವನಿಗೆ ಹನ್ನೊಂದು ವರ್ಷ. ಆ ತೀರ್ಪಿನ ಮುಖ್ಯ ಮಾತು, ಮಗುವಿನ ಇಷ್ಟ ಬೇರೆ, ಮಗುವಿನ ಹಿತ ಬೇರೆ ಎನ್ನುವುದು. ಇಷ್ಟವೇನೆಂದು ಮಗುವಿನೊಂದಿಗೆ ಮಾತಾಡಿ ತಿಳಿಯಬಹುದು. ಹಿತ ಯಾವುದೆಂದು ಎಲ್ಲ ಸಂದರ್ಭಗಳನ್ನೂ ತೂಗಿ ನ್ಯಾಯಾಲಯವೇ ನಿರ್ಧರಿಸಬೇಕು.

ಈ ವಿವೇಚನೆ ಒಪ್ಪತಕ್ಕದ್ದು. ಎರಡು ವರ್ಷ ಒಬ್ಬರ ಮಾತನ್ನಷ್ಟೇ ಕೇಳಿ ಬೆಳೆದ ಮಗುವನ್ನು ಚೇಂಬರಿಗೆ ಕರೆದು “ಯಾರ ಜೊತೆ ಇರ್ತೀಯ ಪುಟ್ಟ?” ಎಂದರೆ, ಜೊತೆಗಿರುವವರ ಹೆಸರನ್ನೇ ಅದು ಹೇಳುತ್ತದೆ. ಆದರೆ ಅದೇ ತೀರ್ಪು ಅಮೆರಿಕದಲ್ಲಿ ಹುಡುಗನಿಗೆ ಹೆಚ್ಚು ಅವಕಾಶಗಳಿವೆ ಎನ್ನುವುದನ್ನೂ ತಕ್ಕಡಿಗೆ ಹಾಕಿತು. ಅದನ್ನು ನಾನು ಒಪ್ಪಲಾರೆ. ಅವಕಾಶವೇ ಅಳತೆಯಾದರೆ ಶ್ರೀಮಂತ ದೇಶದಲ್ಲಿರುವ ಪೋಷಕರು ಪ್ರತಿಸಲವೂ ಗೆಲ್ಲಬೇಕಾಗುತ್ತದೆ. ಹೊಸಕೋಟೆಯ ತಾಯಿಯ ಮಡಿಲಿಗೆ ಬೆಲೆ ಕಟ್ಟುವವರು ಯಾರು? ಆ ಹುಡುಗ ಒಂಬತ್ತು ವರ್ಷ ಬಾಳಿದ ಮನೆ, ಶಾಲೆ, ಗೆಳೆಯರು, ತಂದೆ ಅಲ್ಲಿದ್ದರು ಎಂಬ ಕಾರಣವೇ ಸಾಕಿತ್ತು.

ಸುಪ್ರೀಂ ಕೋರ್ಟಿನ ಧೋರಣೆಯೂ ಒಂದೇ ತೆರನಾಗಿ ಉಳಿದಿಲ್ಲ. ವಿದೇಶಿ ನ್ಯಾಯಾಲಯ ಮೊದಲೇ ಆದೇಶ ಕೊಟ್ಟಿದ್ದರೆ ಅದಕ್ಕೆ ಹೆಚ್ಚು ಮನ್ನಣೆ ಎಂದು 2015ರಲ್ಲಿ ಕೊಯಮತ್ತೂರಿನ ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ ಹೇಳಿತ್ತು. 2017ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗಿಟ್ಟು, ವಿದೇಶಿ ಆದೇಶ ಪರಿಗಣಿಸಬೇಕಾದ ಹಲವು ಅಂಶಗಳಲ್ಲಿ ಒಂದಷ್ಟೇ ಎಂದಿತು. ಆ ಪೀಠದಲ್ಲಿ ನಮ್ಮ ಹಾವೇರಿಯ ಮೋಹನ ಶಾಂತನಗೌಡರ ಅವರೂ ಇದ್ದರು. ಅಂದಿನಿಂದ ಪ್ರತಿ ಪ್ರಕರಣವೂ ಅದರದರ ಹಣೆಬರಹ. 2019ರಲ್ಲಿ ಮಕ್ಕಳು ಅಮೆರಿಕಕ್ಕೆ ಹೋದ ತೀರ್ಪೂ ಇದೆ, ಅದಕ್ಕೂ ಎರಡು ವರ್ಷ ಮೊದಲು ಹೋಗಬೇಕಿಲ್ಲ ಎಂದ ತೀರ್ಪೂ ಇದೆ. ಫಲಿತಾಂಶ ಊಹಿಸಲಾಗದ ಕಡೆ ರಾಜಿಗೆ ಯಾರೂ ಬರುವುದಿಲ್ಲ, ಇಬ್ಬರೂ ಕೊನೆಯವರೆಗೆ ಹೋರಾಡುತ್ತಾರೆ.

ಜಗತ್ತಿನ ಬಹುಪಾಲು ದೇಶಗಳು ಇದಕ್ಕೊಂದು ಪರಿಹಾರ ಕಂಡುಕೊಂಡದ್ದು 1980ರ ಹೇಗ್ ಒಪ್ಪಂದದಲ್ಲಿ. ಅದರ ತಿರುಳು ಸರಳ. ಹದಿನಾರು ವರ್ಷದೊಳಗಿನ ಮಗುವನ್ನು ಅದು ವಾಸವಿದ್ದ ದೇಶದಿಂದ ಒಬ್ಬ ಪೋಷಕ ಏಕಪಕ್ಷೀಯವಾಗಿ ಒಯ್ದರೆ ಅಥವಾ ಹಿಡಿದಿಟ್ಟುಕೊಂಡರೆ, ಬೇಗನೆ ವಾಪಸ್ ಕಳಿಸಬೇಕು. ಸುಪರ್ದಿ ಯಾರಿಗೆ ಎನ್ನುವುದನ್ನು ಆ ಮೂಲ ದೇಶದ ನ್ಯಾಯಾಲಯ ನೋಡಿಕೊಳ್ಳುತ್ತದೆ. ಆರು ವಾರಗಳಲ್ಲಿ ನಿರ್ಧಾರವಾಗಬೇಕೆಂಬುದು ಅಪೇಕ್ಷೆ. ಪ್ರತಿ ದೇಶದಲ್ಲೂ ಒಂದು ಕೇಂದ್ರ ಪ್ರಾಧಿಕಾರ ಇರಬೇಕು. ದೂರು ಹೇಳಲು ಒಂದು ವಿಳಾಸವಿರುತ್ತದೆ ಎಂದರ್ಥ. ನೂರಕ್ಕೂ ಹೆಚ್ಚು ದೇಶಗಳು ಸೇರಿವೆ. ಶ್ರೀಲಂಕಾ, ಜಪಾನ್, ಪಾಕಿಸ್ತಾನ ಸೇರಿವೆ. ಭಾರತ ಸೇರಿಲ್ಲ.

ಸೇರಬೇಕೆಂದು ಕಾನೂನು ಆಯೋಗ 2009ರ ತನ್ನ 218ನೇ ವರದಿಯಲ್ಲೇ ಶಿಫಾರಸು ಮಾಡಿತ್ತು. 2016ರ ಅಕ್ಟೋಬರಿನ 263ನೇ ವರದಿಯಲ್ಲಿ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಆಮೇಲೆ ಕೇಂದ್ರ ಸರ್ಕಾರ ನ್ಯಾಯಮೂರ್ತಿ ರಾಜೇಶ್ ಬಿಂದಾಲ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 2018ರಲ್ಲಿ ವರದಿ ಕೊಟ್ಟ ಆ ಸಮಿತಿ ಒಪ್ಪಂದಕ್ಕೆ ಸಹಿ ಹಾಕುವುದರ ಬಗ್ಗೆ ಅನುಮಾನ ತೋರಿ, ಇಂಥ ವ್ಯಾಜ್ಯಗಳಿಗೆಂದೇ ದೇಶದೊಳಗೊಂದು ಪ್ರಾಧಿಕಾರ ಇರಲಿ ಎಂದಿತು. ಒಪ್ಪಂದವೂ ಬರಲಿಲ್ಲ, ಪ್ರಾಧಿಕಾರವೂ ಬರಲಿಲ್ಲ.

ಸಮಿತಿಯ ಅನುಮಾನ ಹುರುಳಿಲ್ಲದ್ದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಒಪ್ಪಂದ ಬರೆದವರ ಕಣ್ಣ ಮುಂದಿದ್ದವನು, ಸುಪರ್ದಿ ಸಿಗದ ಸಿಟ್ಟಿಗೆ ಮಗುವನ್ನು ಹೊತ್ತೊಯ್ಯುವ ತಂದೆ. ಇವತ್ತು ಆ ಒಪ್ಪಂದದಡಿ ಬರುವ ಪ್ರಕರಣಗಳಲ್ಲಿ ಮಗುವನ್ನು ಕರೆದೊಯ್ದವರು ಸುಮಾರು ಮುಕ್ಕಾಲು ಪಾಲು ತಾಯಂದಿರು. ಅವರಲ್ಲಿ ಎಷ್ಟೋ ಮಂದಿ ಹೊಡೆತ ತಾಳಲಾರದೆ ತವರಿಗೆ ಓಡಿ ಬಂದವರು. ಗಂಡನ ಎಚ್-1ಬಿ ವೀಸಾ ನೆರಳಿನಲ್ಲಿ ಎಚ್-4 ಮೇಲೆ ಹೋದ ನಮ್ಮ ಹೆಣ್ಣುಮಕ್ಕಳ ಸ್ಥಿತಿ ಯೋಚಿಸಿ. 2015ರಿಂದ ಕೆಲವರಿಗಷ್ಟೇ ಕೆಲಸ ಮಾಡುವ ಪರವಾನಗಿ. ಉಳಿದವರಿಗೆ ಸ್ವಂತ ದುಡಿಮೆಯಿಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲ, ಬಾಗಿಲು ತಟ್ಟಲು ನೆಂಟರ ಮನೆಯಿಲ್ಲ. ವಿಚ್ಛೇದನವಾದರೆ ಆ ದೇಶದಲ್ಲಿ ನಿಲ್ಲುವ ಹಕ್ಕೇ ಹೋಗುತ್ತದೆ. ಅಂಥವಳಿಗೆ “ಮಗುವನ್ನು ವಾಪಸ್ ಕಳಿಸು, ಅಲ್ಲೇ ಹೋಗಿ ಕೇಸು ನಡೆಸು” ಎನ್ನುವುದು ಮಗುವನ್ನು ಬಿಟ್ಟುಕೊಡು ಎಂದಷ್ಟೇ ಆಗುತ್ತದೆ. ಗಂಭೀರ ಅಪಾಯವಿದ್ದರೆ ವಾಪಸ್ ಕಳಿಸಬೇಕಿಲ್ಲ ಎಂದು ಒಪ್ಪಂದದ 13ನೇ ವಿಧಿ ಹೇಳುತ್ತದಾದರೂ, ಅದು ಕಾಣುವುದು ಮಗುವಿಗಿರುವ ಅಪಾಯವನ್ನು. ತಾಯಿಯ ಮೇಲೆ ಬೀಳುವ ಏಟು ಮಗುವಿನ ಮೇಲೂ ಬೀಳುತ್ತದೆ ಎಂದು ನ್ಯಾಯಾಧೀಶರಿಗೆ ಪ್ರತಿಸಲ ಮನಗಾಣಿಸಬೇಕು.

ಹಾಗೆಂದು ಏನೂ ಮಾಡದೆ ಕೂರುವುದು ಆ ತಾಯಿಗೂ ರಕ್ಷಣೆಯಲ್ಲ. ಪಾಸ್‌ಪೋರ್ಟ್ ಕಸಿದುಕೊಂಡು ಬಿಟ್ಟುಹೋದವನ ಹೆಂಡತಿ ತನ್ನ ಮಗುವಿಗಾಗಿ ಹೇಗ್ ಒಪ್ಪಂದದ ಬಾಗಿಲು ತಟ್ಟಲಾರಳು, ಭಾರತ ಅದರ ಹೊರಗಿದೆ. ಓಡಿ ಬಂದವಳಿಗೂ ಇಲ್ಲಿ ನೆಮ್ಮದಿಯಿಲ್ಲ: ಆಕೆ ಅಲ್ಲಿ ಆರೋಪಿಯಾಗಬಹುದು, ಆ ದೇಶದಲ್ಲಿ ಮತ್ತೆ ಕಾಲಿಡುವುದೂ ಕಷ್ಟವಾಗಬಹುದು. ಮಗುವಿನ ಅಮೆರಿಕದ ಪಾಸ್‌ಪೋರ್ಟ್ ಐದೇ ವರ್ಷದ್ದು. ಹದಿನಾರರೊಳಗೆ ಅದನ್ನು ಹೊಸದಾಗಿ ಮಾಡಿಸಲು ಇಬ್ಬರು ಪೋಷಕರ ಒಪ್ಪಿಗೆ ಬೇಕು. ಅವಧಿ ಮುಗಿದ ಪಾಸ್‌ಪೋರ್ಟ್ ಬೀರುವಿನಲ್ಲಿ, ಅಮೆರಿಕದ ಪೌರ ನೆಲಮಂಗಲದ ಶಾಲೆಯಲ್ಲಿ.

ನಮಗೆ ಇದು ಕೈಲಾಗದ ಕೆಲಸವೂ ಅಲ್ಲ. ದತ್ತು ಹೋಗುವ ಮಗುವಿನ ಸುತ್ತ ಇವತ್ತಿರುವ ಕಾವಲು ಒಂದು ಕಾಲಕ್ಕೆ ಇರಲಿಲ್ಲ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ವಿದೇಶಿ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1984ರಲ್ಲಿ ವಿವರವಾದ ಮಾರ್ಗಸೂಚಿ ಕೊಟ್ಟರು. 1990ರಲ್ಲಿ ಕಾರಾ ಬಂತು. ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಸ್ಥಿರೀಕರಿಸಿತು. ಹೇಗ್ ಎಂಬ ಹೆಸರು ಕೇಳಿದರೆ ಸಾರ್ವಭೌಮತ್ವಕ್ಕೆ ಧಕ್ಕೆ ಎನ್ನುವವರು ಇದನ್ನು ಗಮನಿಸಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಾವು 1992ರ ಡಿಸೆಂಬರಿನಲ್ಲೇ ಸೇರಿದ್ದೇವೆ. ಮಕ್ಕಳನ್ನು ಅಕ್ರಮವಾಗಿ ಗಡಿಯಾಚೆ ಒಯ್ಯುವುದನ್ನೂ ಹಿಂತಿರುಗಿಸದಿರುವುದನ್ನೂ ತಡೆಯಲು ಒಪ್ಪಂದಗಳನ್ನು ಮಾಡಿಕೊಳ್ಳಬೇಕೆಂದು ಅದರ 11ನೇ ವಿಧಿ ಹೇಳುತ್ತದೆ. ಕೊಟ್ಟ ಮಾತು ಅದು.

ನನಗೆ ಬೇಕೆನಿಸುವ ಕಾನೂನಿನಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಎಳೆಯಲಾಗದ ವಿಚಾರಣೆ ಇರುತ್ತದೆ. ಹಿಂಸೆಯ ದೂರು ಇದ್ದರೆ ಅದನ್ನು ಆ ಮೂರು ತಿಂಗಳೊಳಗೇ ಪರೀಕ್ಷಿಸಲಾಗುತ್ತದೆ, ಮುಂದಕ್ಕೆ ತಳ್ಳುವುದಿಲ್ಲ. ಮಗು ವಾಪಸ್ ಹೋಗಬೇಕೆಂದಾದರೆ ತಾಯಿಯ ವೀಸಾ, ಬೇರೆ ಮನೆ, ವಕೀಲರ ಖರ್ಚು, ಬಂಧನವಾಗದೆಂಬ ಖಾತ್ರಿ, ಇವಿಷ್ಟೂ ಅಲ್ಲಿನ ನ್ಯಾಯಾಲಯದ ಆದೇಶದಲ್ಲಿ ಬಂದ ಮೇಲೆಯೇ ವಿಮಾನ ಹತ್ತಿಸಲಾಗುತ್ತದೆ. ಅಷ್ಟರೊಳಗೆ ಇಬ್ಬರನ್ನೂ ಮಧ್ಯಸ್ಥಿಕೆಗೆ ಕೂರಿಸಲಾಗುತ್ತದೆ. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಒಡೆದ ಸಂಸಾರಗಳು ಹೊಸವೇನಲ್ಲ.

ಕಾನೂನು ಬರುವವರೆಗೆ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮಗುವನ್ನು ಹೊರದೇಶಕ್ಕೆ ಒಯ್ಯುವ ಸುಳಿವು ಸಿಕ್ಕರೆ ಮೊದಲು ಬೇಕಾದ್ದು ನ್ಯಾಯಾಲಯದ ಆದೇಶ. ಪಾಸ್‌ಪೋರ್ಟನ್ನು ನ್ಯಾಯಾಲಯದಲ್ಲಿ ಠೇವಣಿ ಇಡಲು, ಅನುಮತಿಯಿಲ್ಲದೆ ಮಗು ದೇಶ ಬಿಡದಂತೆ ತಡೆಯಲು ನ್ಯಾಯಾಧೀಶರು ಹೇಳಬಲ್ಲರು. ಇಮಿಗ್ರೇಷನ್ ಕೌಂಟರ್ ಮಣಿಯುವುದು ಅಂಥ ಕಾಗದಕ್ಕೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅತ್ತರೆ ಅದು ಕರಗುವುದಿಲ್ಲ. ಮಗು ಅಮೆರಿಕ ತಲುಪಿದ ಮೇಲೂ ಎಲ್ಲ ಮುಗಿದಂತಲ್ಲ. ಅಲ್ಲಿನ ಬಹುತೇಕ ರಾಜ್ಯಗಳು ಒಪ್ಪಿರುವ ಸುಪರ್ದಿ ಕಾಯ್ದೆ ಪರದೇಶವನ್ನೂ ಇನ್ನೊಂದು ರಾಜ್ಯದಂತೆಯೇ ಕಾಣುತ್ತದೆ. ಮಗು ಆರು ತಿಂಗಳು ಇಲ್ಲಿ ವಾಸವಿದ್ದು, ಇನ್ನೊಬ್ಬ ಪೋಷಕರಿಗೆ ನೋಟಿಸ್ ತಲುಪಿಸಿ, ವಾದ ಹೇಳಲು ಅವಕಾಶ ಕೊಟ್ಟು ಇಲ್ಲಿನ ನ್ಯಾಯಾಲಯ ಕೊಟ್ಟ ಆದೇಶಕ್ಕೆ ಅಲ್ಲಿ ಬೆಲೆ ಸಿಗುತ್ತದೆ. ಆದ್ದರಿಂದ ನೋಟಿಸ್ ತಲುಪಿದ್ದಕ್ಕೆ ಸಾಕ್ಷಿ ಜೋಪಾನ.

ಇನ್ನೊಂದು ಸಂಗತಿ, ಮೊಕದ್ದಮೆ ಎಷ್ಟೇ ವರ್ಷ ನಡೆಯಲಿ, ಕೇಳಿದ ಮೊದಲ ದಿನವೇ ಪಡೆಯಬಹುದಾದದ್ದು. 2020ರ ಜನವರಿಯಲ್ಲಿ ನ್ಯಾಯಮೂರ್ತಿ ದೀಪಕ್ ಗುಪ್ತಾ ಇದ್ದ ಸುಪ್ರೀಂ ಕೋರ್ಟ್ ಪೀಠ, ಮಗುವಿಗೆ ಇಬ್ಬರ ಪ್ರೀತಿಯ ಮೇಲೂ ಹಕ್ಕಿದೆ, ದೂರದಲ್ಲಿರುವ ಪೋಷಕರಿಗೆ ವಿಡಿಯೊ ಕರೆಯಲ್ಲಿ ಮಗುವನ್ನು ಕಾಣುವ ಸಂಪರ್ಕದ ಹಕ್ಕು ಕೊಡಬೇಕು ಎಂದಿತು. ಅಮ್ಮನ ತವರಿನಲ್ಲಾಗಲಿ, ಅಪ್ಪನ ಊರಿನಲ್ಲಾಗಲಿ, ಮಗುವನ್ನು ಇರಿಸಿಕೊಂಡ ಅಜ್ಜಿ ತಾತಂದಿರು ಇದಕ್ಕೆ ಅಡ್ಡ ಬರುವುದೇ ಹೆಚ್ಚು, ಮಗುವಿನ ಮೇಲಿನ ಮಮತೆಯಿಂದಲೇ. ಹಾಗಾಗಿ ಆದೇಶದಲ್ಲಿ ವಾರ, ಗಂಟೆ, ಯಾರ ಫೋನು, ಎಷ್ಟು ಹೊತ್ತು ಎಲ್ಲವನ್ನೂ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಇಲ್ಲಿ ಶನಿವಾರ ಬೆಳಗ್ಗೆ ಏಳು ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ ಆರೂವರೆ. ಇಬ್ಬರಿಗೂ ಎಚ್ಚರವಿರುವ ಹೊತ್ತು ಅದು. ಮಗು ಮಾತಾಡುವಾಗ ದೊಡ್ಡವರು ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬಾರದು ಎಂಬುದನ್ನೂ ಸೇರಿಸಿ.